ಏಳು ಜನರ ದ್ವೀಪದ ಲೆಕ್ಕ

ಜನಗಣತಿಗೆ ಮನೆ ಮನೆ ತಿರುಗುವ ಕೆಲಸ ನಮ್ಮಲ್ಲಿ ಹೆಚ್ಚಾಗಿ ಮೇಷ್ಟ್ರುಗಳ ತಲೆಗೇ ಬೀಳುವುದು. ನಾನೂ ತಿರುಗಿದವನೇ. ಬರೆದುಕೊಂಡದ್ದನ್ನು ಯಾರಿಗೂ ಹೇಳಬಾರದು ಅಂತ 1948ರ ಜನಗಣತಿ ಕಾಯಿದೆಯೇ ಇದೆ. ಆದರೆ ಬಾಯಿ ಮುಚ್ಚಿಕೊಂಡರೆ ಸಾಕಾ? ಅಂಕಿಯೇ ಬಾಯಿ ಬಿಟ್ಟರೆ ಏನು ಮಾಡೋದು?

ಇದಕ್ಕೆ ಸ್ಕಾಟ್ಲೆಂಡಿನ ದ್ವೀಪಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2011ರ ಗಣತಿಯಲ್ಲಿ ಅಲ್ಲಿ ಜನವಸತಿ ಇದ್ದ ದ್ವೀಪಗಳು 93, ಎಲ್ಲ ಸೇರಿ 1,03,702 ಜನ. ಲೂಯಿಸ್–ಹ್ಯಾರಿಸ್ ಒಂದರಲ್ಲೇ ಇಪ್ಪತ್ತು ಸಾವಿರದ ಮೇಲೆ. ಇನ್ನು ಕೆಲವದರಲ್ಲಿ ಒಂದೆರಡು ಮನೆ, ಅಷ್ಟೇ.

ಏಳು ಜನರ ದ್ವೀಪ ಒಂದಿದೆ ಅಂತ ಇಟ್ಟುಕೊಳ್ಳಿ. ಏಳು ಜನ ಅಂತ ಹೇಳಿದರೆ ಯಾರಿಗೂ ನಷ್ಟ ಇಲ್ಲ, ದೋಣಿಯವನಿಗೆ ಅದು ಮೊದಲೇ ಗೊತ್ತು. ಆದರೆ 'ವಿಧವೆ 1, ದೀರ್ಘ ಕಾಯಿಲೆ 1, ಕೆಲಸ ಇಲ್ಲದವರು 1' ಎಂದು ಅಚ್ಚಾದರೆ? ಹೆಸರು ಬರೆಯದಿದ್ದರೂ ಅದು ಹೆಸರೇ. ಹಾಗಾಗಿ ಇಂಥ ವಿವರ ಕೊಡುವಾಗ ಸಣ್ಣ ದ್ವೀಪಗಳನ್ನು ಅಕ್ಕಪಕ್ಕದವುಗಳ ಜೊತೆ ಗುಂಪು ಕಟ್ಟುತ್ತಾರೆ. ಅಲ್ಲೂ ಜಾಗ್ರತೆ ಬೇಕು. ಗುಂಪಿನ ಮೊತ್ತವನ್ನೂ ಕೊಟ್ಟು, ಅದರೊಳಗಿನ ದೊಡ್ಡ ದ್ವೀಪದ ವಿವರವನ್ನೂ ಬೇರೆ ಕೊಟ್ಟರೆ, ಮೂರನೇ ಕ್ಲಾಸಿನ ಮಗುವೂ ಕಳೆಯುವ ಲೆಕ್ಕ ಮಾಡಿ ಸಣ್ಣದನ್ನು ಹೊರಗೆ ತೆಗೆದೀತು.

ಬೇರೆ ದಾರಿಯೂ ಉಂಟು. ಬ್ರಿಟನ್ನಿನ 2011ರ ಗಣತಿಯಲ್ಲಿ, ಸುಲಭವಾಗಿ ಗುರುತು ಸಿಗುವಂಥ ಕೆಲವು ಮನೆಗಳ ವಿವರವನ್ನು ಅದೇ ರೀತಿಯ ಬೇರೆ ಕಡೆಯ ಮನೆಗಳ ಜೊತೆ ಅದಲು ಬದಲು ಮಾಡಿದರು. ಪಟ್ಟಿಯಲ್ಲಿ 'ಒಬ್ಬ' ಎಂದು ಕಂಡರೂ ಆ ಒಬ್ಬ ಇಲ್ಲಿಯವನೇ ಅಂತ ಆಣೆ ಹಾಕಿ ಹೇಳುವ ಹಾಗಿಲ್ಲ. ಬುದ್ಧಿವಂತಿಕೆಯೇನೋ ಹೌದು. ಆದರೆ ನನಗೆ ಇದಕ್ಕಿಂತ ಗುಂಪು ಕಟ್ಟುವುದೇ ಮೇಲು ಅನಿಸುತ್ತದೆ. ಒಂದರಲ್ಲಿ ಕಡಿಮೆ ಹೇಳುತ್ತೇವೆ, ಇನ್ನೊಂದರಲ್ಲಿ, ಸ್ವಲ್ಪವೇ ಆದರೂ, ಇಲ್ಲದ್ದನ್ನು ಹೇಳುತ್ತೇವೆ. ಪಕ್ಕದ ಮನೆಯವರ ಗುಟ್ಟು ಕಾಯಲು ಸುಮ್ಮನಿರುವುದು ಬೇರೆ, ಕಥೆ ಕಟ್ಟುವುದು ಬೇರೆ ಅಲ್ವಾ?

ಹಾಗಂತ ಗುಂಪು ಕಟ್ಟುವುದು ನಿರಪಾಯ ಎಂದೂ ಅಲ್ಲ. ಸೇಂಟ್ ಕಿಲ್ಡಾ ಎಂಬ ದ್ವೀಪದಲ್ಲಿ ಉಳಿದಿದ್ದ 36 ಜನ ಇನ್ನು ಇಲ್ಲಿ ಬದುಕಲಾಗದು ಎಂದು ತಾವೇ ಕೇಳಿಕೊಂಡು 1930ರ ಆಗಸ್ಟ್ 29ರಂದು ಹಡಗು ಹತ್ತಿದರು. ಆ 36ನ್ನು ದೊಡ್ಡ ದ್ವೀಪವೊಂದರ ಸಾವಿರಗಳಲ್ಲಿ ಕಲಸಿಬಿಟ್ಟರೆ ಒಂದು ಊರು ಖಾಲಿಯಾದದ್ದು ಲೆಕ್ಕದಲ್ಲಿ ಕಾಣುವುದೇ ಇಲ್ಲ. ಡಾಕ್ಟರು, ಶಾಲೆ, ದೋಣಿ ಬೇಕು ಎಂದು ಕೇಳಲು ಹೋದವನಿಗೆ 'ನಿಮ್ಮ ಕಡೆ ಎಲ್ಲ ಚೆನ್ನಾಗಿದೆಯಲ್ಲ' ಎಂದು ಸರಾಸರಿ ತೋರಿಸುತ್ತಾರೆ. ಗಡಿಯಲ್ಲಿ ಕೂತ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ದೇಶದ ಗಣತಿಯಲ್ಲೂ 10,000ಕ್ಕಿಂತ ಕಡಿಮೆ ಜನ ಆಡುವ ಭಾಷೆಗಳು 'ಇತರ' ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತವೆ. ಕನ್ನಡಕ್ಕೆ ಆ ಗತಿ ಬಂದಿಲ್ಲ. ಬಂದ ಭಾಷೆಯವರಿಗೆ ಮರೆ ಸಿಕ್ಕಿತು ಎನ್ನಲು ನನಗೆ ನಾಲಗೆ ಏಳುವುದಿಲ್ಲ.

ಅದಕ್ಕೇ, ಗುಂಪು ಕಟ್ಟುವುದಾದರೆ ಯಾರ ಜೊತೆ ಯಾರನ್ನು ಎಂಬುದೇ ನಿಜವಾದ ಪ್ರಶ್ನೆ. ಸ್ಕಾಟ್ಲೆಂಡಿನವರು ಓರ್ಕ್ನಿಯ ಮುಖ್ಯ ದ್ವೀಪವನ್ನು ಒಂದು ಗುಂಪು ಮಾಡಿ, ಹೊರಗಿನ ಸಣ್ಣ ದ್ವೀಪಗಳನ್ನು ಇನ್ನೊಂದು ಮಾಡಿದ್ದಾರೆ. ಇದು ನನಗೆ ಸರಿ ಕಾಣುತ್ತದೆ: ದೋಣಿಗೆ ಕಾಯುವವರು ದೋಣಿಗೆ ಕಾಯುವವರ ಜೊತೆ. ಆದರೂ ಆ ಏಳು ಜನರನ್ನೇ ಒಮ್ಮೆ ಕೇಳಬೇಕು, 'ನಿಮ್ಮನ್ನು ಯಾರ ಜೊತೆ ಕೂಡಿಸಲಿ?' ಅಂತ. ಯಾರ ಜೊತೆಯೂ ಬೇಡ, ಇದ್ದದ್ದನ್ನು ಇದ್ದ ಹಾಗೇ ಹಾಕಿ ಎಂದು ಆರು ಜನ ಹೇಳಿ, ಆ ವಿಧವೆ ಮಾತ್ರ ಸುಮ್ಮನೆ ಕೂತರೆ ಏನು ಮಾಡುವುದು? ನಾನಾದರೆ ಅವಳ ಮೌನವನ್ನೇ ಲೆಕ್ಕಕ್ಕೆ ಹಿಡಿಯುತ್ತೇನೆ.