ಯಾವುದು ಜೀಪು?

ಹಳೆಯ ಜೀಪು ಕೊಳ್ಳಲು ಹೋದವನು ಮೊದಲು ಬಾನೆಟ್ ಎತ್ತಿಸುತ್ತಾನೆ. ಎಂಜಿನ್ ಬದಲಾಗಿದೆ. ಬಗ್ಗಿ ನೋಡಿದರೆ ಗೇರ್‌ಬಾಕ್ಸ್ ಇನ್ನೊಂದು ಗಾಡಿಯದು. ಬಾಡಿಯ ತಗಡನ್ನು ಯಾವುದೋ ವೆಲ್ಡಿಂಗ್ ಅಂಗಡಿಯಲ್ಲಿ ಹೊಸದಾಗಿ ಕಟ್ಟಿಸಿದ್ದಾರೆ. ಸೀಟು, ಹುಡ್ಡು, ಟೈರುಗಳ ಮಾತೇ ಬೇಡ. ಆದರೂ ಮಾರುವವನು ‘ತೊಂಬತ್ತರ ಗಾಡಿರಿ, ಫೋರ್ ಬೈ ಫೋರ್’ ಎನ್ನುತ್ತಾನೆ. ಸುಳ್ಳು ಎನ್ನಲಾಗದು. ಆದರೆ ಇದರಲ್ಲಿ ತೊಂಬತ್ತರದ್ದು ಯಾವುದು?

ಇದು ತೀರ ಹಳೆಯ ಪ್ರಶ್ನೆ. ‘ಮಿಲಿಂದ ಪನ್ಹ’ ಎಂಬ ಬೌದ್ಧ ಗ್ರಂಥದಲ್ಲಿ ಭಿಕ್ಷು ನಾಗಸೇನ ಇದನ್ನು ಯವನ ದೊರೆ ಮಿಲಿಂದನಿಗೆ ಕೇಳುತ್ತಾನೆ. ರಥದಲ್ಲಿ ಬಂದೆಯಲ್ಲ, ನೊಗ ರಥವೋ, ಅಚ್ಚು ರಥವೋ, ಗಾಲಿ ರಥವೋ? ಯಾವುದೂ ಅಲ್ಲ ಎಂದು ದೊರೆ ಒಪ್ಪಬೇಕಾಗುತ್ತದೆ. ಬಿಡಿಭಾಗಗಳೆಲ್ಲ ಕೂಡಿದಾಗ ನಡೆಯುವ ಹೆಸರು ಮಾತ್ರ ರಥ.

ಸಾರಿಗೆ ಕಚೇರಿ ಇಷ್ಟು ದೂರ ಹೋಗುವುದಿಲ್ಲ. ಅದರ ಉತ್ತರ ಒಂದೇ, ಚಾಸಿ ನಂಬರು. ಮಿಕ್ಕಿದ್ದೆಲ್ಲ ಬದಲಾಗಬಹುದು, ಎಂಜಿನ್ ಬದಲಿಸಿದರೆ ಆರ್.ಸಿ.ಯಲ್ಲಿ ಬರೆಸಬೇಕು, ಫ್ರೇಮಿನ ಕಬ್ಬಿಣದಲ್ಲಿ ಒತ್ತಿದ ಅಂಕಿ ಮಾತ್ರ ಬದಲಾಗಕೂಡದು. ಅದರ ಮೇಲೆ ಪೆನ್ಸಿಲ್ ಉಜ್ಜಿ, ಟೇಪು ಅಂಟಿಸಿ ಪಡಿಯಚ್ಚು ತೆಗೆಯುವವರನ್ನು ಕಂಡರೆ ನನಗೆ ಶಾಸನತಜ್ಞರ ನೆನಪಾಗುತ್ತದೆ. ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯ ಮೇಲಿನ ಬರಹ 1915ರಲ್ಲಿ ಬೆಳಕಿಗೆ ಬಂತು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ‘ದೇವಾನಾಂಪ್ರಿಯ’ನಾಗಿದ್ದವನು ಅಶೋಕನೇ ಎಂದು ಗಟ್ಟಿಯಾದದ್ದು ಇಲ್ಲಿ ಆ ಹೆಸರೇ ಕೆತ್ತಿದ್ದರಿಂದ. ಕೆತ್ತಿದ ಅಕ್ಷರ ಇವನು ಯಾರೆಂದು ಹೇಳುತ್ತದೆ. ಎಂಥವನೆಂದು ತಿಳಿಯಲು ಅವನು ಮಾಡಿದ್ದನ್ನು ನೋಡಬೇಕು.

ಜೀಪಿಗೂ ಅಷ್ಟೇ, ಹೆಸರೊಂದೇ ಸಾಲದು. ಮಹೀಂದ್ರ ಕಂಪನಿ 1940ರ ದಶಕದ ಕೊನೆಗೆ ವಿಲ್ಲೀಸ್ ಜೀಪುಗಳನ್ನು ಮುಂಬೈಯಲ್ಲಿ ಜೋಡಿಸತೊಡಗಿತು. ಮುಂದೆ ಪ್ಯೂಜೋ ಮೂಲದ ಡೀಸೆಲ್ ಎಂಜಿನ್ನಿನ ಎಂಎಂ 540 ಬಂತು. ಕಮಾಂಡರ್, ಮೇಜರ್ ಬಂದವು. ಆ ಹೆಸರಿನ ಗಾಡಿಗಳೆಲ್ಲಕ್ಕೂ ನಾಲ್ಕು ಗಾಲಿಯ ಎಳೆತ ಇತ್ತೆಂದಲ್ಲ. ಹಳ್ಳಿಯಿಂದ ಸಂತೆಗೆ ಜನ ತುಂಬಿಕೊಂಡು ಓಡಿದ ಕಮಾಂಡರ್‌ಗಳಲ್ಲಿ ಬಹಳಷ್ಟು ಹಿಂದಿನ ಎರಡು ಗಾಲಿಯಲ್ಲೇ ಬಾಳಿದವು.

ನಾಲ್ಕು ಗಾಲಿಯ ಎಳೆತ ಬೇಕಾಗುವುದು ಮಣ್ಣಿಗೆ. ದೇವದುರ್ಗ ಕೃಷ್ಣೆಯ ಕಡೆ, ಮಾನ್ವಿ ತುಂಗಭದ್ರೆಯ ಕಡೆ; ನಡುವೆ ಹರಡಿದ ಎರೆಹೊಲ ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ಉಬ್ಬಿ ಅಂಟು ರಾಡಿಯಾಗುತ್ತದೆ. ಕಾಲುವೆ ದಂಡೆಯ ದಾರಿಯದೂ ಅದೇ ಪಾಡು. ಅಲ್ಲಿ ಗೇರಿನ ಪಕ್ಕದ ಸಣ್ಣ ಲಿವರ್ ಎಳೆದರೆ ಮುಂದಿನ ಗಾಲಿಗಳೂ ದುಡಿಮೆಗೆ ಇಳಿಯುತ್ತವೆ. (ಎರೆರಾಡಿ ಟೈರಿನ ಗೀರುಗಳೊಳಗೆಲ್ಲ ಮೆತ್ತಿಕೊಂಡಿತೋ, ನಾಲ್ಕು ಗಾಲಿಯೂ ಕೂಡಿಯೇ ಜಾರುತ್ತವೆ. ಆಗ ಪಕ್ಕದ ಹೊಲದ ಟ್ರ್ಯಾಕ್ಟರೇ ಗತಿ.) ಡಾಂಬರಿನ ಮೇಲೆ ಅದೇ ಲಿವರ್ ಹಾಕಿ ಓಡಿಸಿದರೆ ಕೇಡು. ತಿರುವಿನಲ್ಲಿ ಮುಂದಿನ, ಹಿಂದಿನ ಗಾಲಿಗಳು ಒಂದೇ ದೂರ ಕ್ರಮಿಸುವುದಿಲ್ಲ. ಜಾರಲು ಮಣ್ಣಿಲ್ಲದೆ ಆ ಬಿಗಿತವೆಲ್ಲ ಹಲ್ಲುಚಕ್ರಗಳ ಮೇಲೆ ಬೀಳುತ್ತದೆ.

ಹೀಗಾಗಿ ಈ ಶಕ್ತಿ ವರ್ಷದ ಹೆಚ್ಚು ದಿನ ಸುಮ್ಮನಿರುತ್ತದೆ. ಸುಮ್ಮನಿದ್ದಷ್ಟೂ ಕೆಡುತ್ತದೆ: ಲಿವರ್ ಬಿಗಿದುಕೊಳ್ಳುತ್ತದೆ, ಸೀಲು ಒಣಗಿ ಎಣ್ಣೆ ಸೋರುತ್ತದೆ. ರಸ್ತೆಗಳು ಬಂದಮೇಲೆ ಎಷ್ಟೋ ಮಾಲೀಕರು ಡೀಸೆಲ್ ಉಳಿಯಲಿ, ಸದ್ದು ತಗ್ಗಲಿ ಎಂದು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿ ಮೂಲೆಗಿಟ್ಟರು. ಚಾಸಿ ನಂಬರು ಅದೇ, ಹೆಸರೂ ಅದೇ. ಮುಂದಿನ ಗಾಲಿ ಮಾತ್ರ ಬರೀ ಉರುಳುತ್ತದೆ. ನನ್ನ ಲೆಕ್ಕದಲ್ಲಿ ಅದು ಜೀಪಿನ ಆಕಾರವೇ ಹೊರತು ಜೀಪಲ್ಲ. ಎಂಜಿನ್, ತಗಡು, ಟೈರು ಎಲ್ಲ ಬದಲಾಗಿಯೂ ಮೊನ್ನೆಯ ಮಳೆಯಲ್ಲಿ ಹತ್ತಿಯ ಅಂಡಿಗೆ ಹೊತ್ತು ರಾಡಿ ದಾಟಿದ್ದೇ ಅಸಲಿ ಜೀಪು. ಬಿಡಿಭಾಗದಲ್ಲಿ ಸಿಗದದ್ದು ದುಡಿಮೆಯಲ್ಲಿ ಸಿಗುತ್ತದೆ. ಕಾಯಕದಿಂದ ಮನುಷ್ಯನನ್ನು ಅಳೆದ ನಾಡಿಗೆ ಇದು ವಿಚಿತ್ರವಾಗಿ ಕಾಣಬೇಕಿಲ್ಲ.

ಕಾಯಿದೆ ಮಾತ್ರ ವಯಸ್ಸನ್ನೇ ಎಣಿಸುತ್ತದೆ. ಹದಿನೈದು ವರ್ಷ ದಾಟಿದ ಖಾಸಗಿ ಕಾರು, ಜೀಪುಗಳ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ವರೆಗೆ 600 ರೂಪಾಯಿ ಇದ್ದ ಶುಲ್ಕ 5,000 ಆಯಿತು. ಇಪ್ಪತ್ತು ದಾಟಿದವಕ್ಕೆ 2025ರಲ್ಲಿ 10,000. ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳಿಗೆ 2023ರ ಏಪ್ರಿಲ್ 1ರಿಂದ ನವೀಕರಣವೇ ಇಲ್ಲ, ಅವು ಗುಜರಿಗೆ. ಇಲಾಖೆಯ ಜೀಪನ್ನು ಹರಾಜಿನಲ್ಲಿ ಹಿಡಿದು ಹೊಲಕ್ಕೆ ತರುವ ದಾರಿ ಹೀಗೆ ಮುಚ್ಚಿತು. ಹೊಗೆಯ ವಿಚಾರದಲ್ಲಿ ಸರ್ಕಾರದ ಮಾತಿಗೆ ನನ್ನ ತಕರಾರಿಲ್ಲ. ಆದರೆ ವರ್ಷಕ್ಕೆ ಕೆಲವೇ ದಿನ ಕೆಸರಿಗಿಳಿಯುವ ಗಾಡಿಯನ್ನೂ ದಿನವಿಡೀ ಊರೊಳಗೆ ಸುತ್ತುವ ಗಾಡಿಯನ್ನೂ ಒಂದೇ ಕೋಲಿನಿಂದ ಅಳೆಯುವುದು ನ್ಯಾಯವೆನಿಸದು.

ರಾಯಚೂರಿನಲ್ಲಿ ಈಗ ಹಳೆಯ ಜೀಪಿಗೆ ಬಣ್ಣ ಬಳಿಸಿ, ದಪ್ಪ ಟೈರು ತೊಡಿಸಿ ಮೆರೆಸುವ ಆಸೆ ಹುಡುಗರಲ್ಲಿದೆ. ಆಸೆ ತಪ್ಪಲ್ಲ. ಕೊಳ್ಳುವ ಮುನ್ನ ಮಾತ್ರ ಚಾಸಿ ನಂಬರನ್ನು ಆರ್.ಸಿ.ಯೊಡನೆ ತಾಳೆ ನೋಡಿ, ಮುಂದಿನ ಶಾಫ್ಟ್ ಜಾಗದಲ್ಲಿದೆಯೇ ಎಂದು ಬಗ್ಗಿ ನೋಡಿ, ಸಾಧ್ಯವಾದರೆ ಬೇಸಿಗೆ ಬಿಟ್ಟು ಭಾದ್ರಪದದಲ್ಲಿ ಎರೆಹೊಲಕ್ಕಿಳಿಸಿ ಲಿವರ್ ಎಳೆದು ನೋಡಿ. ಮಾರುವವನು ಒಪ್ಪದಿದ್ದರೆ ವಾಪಸು ಬನ್ನಿ. ಇಳಿಸಲು ಹೊಲವೇ ಇಲ್ಲವಾದರೆ, ಇರುವವರಿಗೆ ಜೀಪನ್ನು ಬಿಟ್ಟುಕೊಡಿ.