ವೀರನ ಮೌನವು ಗುಣವೋ ದೋಷವೋ?

ಭತ್ತದ ಕೊಯ್ಲು ಮುಗಿದು ಗದ್ದೆಗಳು ಬರಿದಾದ ಮೇಲೆ ಅಂಕೋಲೆಯ ಸೀಮೆಗೆ ಬಯಲಾಟದ ಕಾಲವು ಬರುತ್ತದೆ. ಶೆಟಗೇರಿಯಂತಹ ಊರುಗಳಲ್ಲಿ ಕರ್ಣಪರ್ವದ ಪ್ರಸಂಗವೆಂದರೆ ಮುದುಕರು ಮಕ್ಕಳೆನ್ನದೆ ಚಾಪೆ ಕಂಬಳಿಗಳೊಡನೆ ಬಂದು ಕುಳಿತುಕೊಳ್ಳುವರು. ಕರ್ಣನ ವೇಷಧಾರಿಯು ತನ್ನ ಹುಟ್ಟಿನ ಗುಟ್ಟನ್ನು ನೆನೆದು, ಎದುರಿಗೆ ನಿಂತಿರುವವರು ಒಡಹುಟ್ಟಿದವರೆಂಬುದನ್ನು ಬಲ್ಲವನಾಗಿಯೂ ಬಿಲ್ಲನ್ನೆತ್ತಬೇಕಾದ ಸಂಕಟವನ್ನು ತೋಡಿಕೊಳ್ಳುವಾಗ, ಸಭೆಯಲ್ಲಿ ಕಣ್ಣೊರೆಸಿಕೊಳ್ಳದವರು ವಿರಳ. ಆದರೆ ಇಲ್ಲೊಂದು ಸೋಜಿಗವುಂಟು. ಅರ್ಥಧಾರಿಯು ಊರಿನ ಮುಂದೆಲ್ಲ ಆಡುವ ಈ ಮಾತನ್ನು ಕಥೆಯೊಳಗಣ ಕರ್ಣನು ತನ್ನ ಪ್ರಾಣಮಿತ್ರನಾದ ಕೌರವನೊಡನೆ ಒಂದು ಸಲವೂ ಆಡಿದವನಲ್ಲ. ಹೇಳದೆ ಉಳಿದ ಆ ಮಾತೇ ರಾತ್ರಿಯಿಡೀ ಜನರನ್ನು ಎಚ್ಚರವಾಗಿ ಕೂರಿಸುತ್ತದೆ.

ಯೋಧನು ತನ್ನ ಎದೆಯ ಭಾರವನ್ನು ನುಂಗಿಕೊಂಡಿರುವುದು ವೀರಧರ್ಮವೇ ಅಹುದೋ ಎಂಬ ಪ್ರಶ್ನೆಯು ಇದರಿಂದ ಹುಟ್ಟುತ್ತದೆ. ಲೋಕರೂಢಿಯು ಅಹುದೆಂದೇ ಹೇಳುವುದು. ಅಳುವವನು ಹೇಡಿ, ಅಳದವನು ಧೀರ. ಇದು ಮನೆಮನೆಯ ಮಾತು. ಅಲಂಕಾರಶಾಸ್ತ್ರವು ಸಹ ವೀರಕ್ಕೆ ಉತ್ಸಾಹವನ್ನೂ ಕರುಣಕ್ಕೆ ಶೋಕವನ್ನೂ ಸ್ಥಾಯಿಯಾಗಿ ಇಟ್ಟು, ಎರಡನ್ನೂ ಬೇರೆಬೇರೆ ಕೋಣೆಗಳಲ್ಲಿ ಕೂರಿಸಿತು. ಕೋಣೆಗಳ ನಡುವಣ ಬಾಗಿಲನ್ನು ತೆರೆದವರು ಕವಿಗಳು.

ಕನ್ನಡನಾಡಿನಲ್ಲಿ ಎತ್ತ ಹೋದರೂ ವೀರಗಲ್ಲುಗಳು ಕಾಣುತ್ತವೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುತ್ತಿರುವುದು, ಮೇಲೆ ದೇವಸನ್ನಿಧಿ. ಸತ್ತವನ ಕಥೆಯು ಹೀಗೆ ಮೂರು ಪಟ್ಟಿಕೆಗಳಲ್ಲಿ ಮುಗಿದುಹೋಗುತ್ತದೆ. ಮರಳಿ ಮನೆಗೆ ಬಂದವನಿಗೆ ಇಂತಹ ಕಲ್ಲಿಲ್ಲ. 949ರಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ತಕ್ಕೋಲದಲ್ಲಿ ನಡೆದ ಘೋರ ಯುದ್ಧದಿಂದ ಬದುಕಿ ಬಂದ ಮಣಲೇರನೆಂಬ ವೀರನಿಗೆ ಒಡೆಯನು ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಅವನು ಕಾಳಿಯೆಂಬ ಬೇಟೆನಾಯನ್ನು ಬೇಡಿ ಪಡೆದನೆಂದು ಆತಕೂರಿನ ಶಾಸನವು ಹೇಳುತ್ತದೆ. ಆ ನಾಯಿ ಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಾಗ, ಅದಕ್ಕೊಂದು ಕಲ್ಲನ್ನು ನಿಲ್ಲಿಸಲಾಯಿತು. ರಣದಿಂದ ಬಂದವನಿಗೆ ಪ್ರಶ್ನೆ ಕೇಳದ ಸಂಗಾತಿಯೊಂದು ಬೇಕಾಗಿದ್ದಿತೇ ಎಂದು ಊಹಿಸುವುದು ಶಾಸನಕ್ಕೆ ಮೀರಿದ ಮಾತು. ಆದರೂ ಓದಿದವನಿಗೆ ಆ ಊಹೆಯು ಬಾರದಿರದು.

ಬದುಕಿ ಉಳಿದವನ ದುಃಖಕ್ಕೆ ಕನ್ನಡದಲ್ಲಿ ಕಲ್ಲನ್ನು ನಿಲ್ಲಿಸಿದವನೆಂದರೆ ರನ್ನ. 10ನೆಯ ಶತಮಾನದ ಕೊನೆಯ ಭಾಗದ ಈ ಕವಿಯು ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಹೋಲಿಸಿ ಸಾಹಸಭೀಮ ವಿಜಯವನ್ನು ಬರೆದನು. ಭೀಮನನ್ನು ಹೊಗಳಹೊರಟ ಕಾವ್ಯವೇ ಆದರೂ ಓದುಗರ ಮನಸ್ಸಿನಲ್ಲಿ ನಿಲ್ಲುವವನು ದುರ್ಯೋಧನನು. ಕಾರಣವಿಷ್ಟೇ: ಅವನು ಅಳುತ್ತಾನೆ. ಸಂಜಯನೊಡನೆ ಹೆಣಗಳ ನಡುವೆ ದಾರಿ ಮಾಡಿಕೊಂಡು, ಶರಶಯ್ಯೆಯಲ್ಲಿರುವ ಭೀಷ್ಮನನ್ನು ಕಾಣಲು ಆ ಚಕ್ರವರ್ತಿಯು ನಡೆದುಹೋಗುತ್ತಾನೆ. ಹನ್ನೊಂದು ಅಕ್ಷೌಹಿಣಿಗಳ ಒಡೆಯನಿಗೆ ಈಗ ಕಾಲಿಡಲು ನೆಲವಿಲ್ಲ. ಗುರುವಾದ ದ್ರೋಣನ ಮುಂದೆ ನಿಲ್ಲುತ್ತಾನೆ. ಶತ್ರುಪುತ್ರನಾದ ಅಭಿಮನ್ಯುವಿನ ದೇಹದ ಮುಂದೆ ಕೈಮುಗಿದು, ಆ ಬಾಲಕನ ಸಾಹಸದ ಒಂದಂಶವಾದರೂ ಸೇರಿದ ಮರಣವು ತನಗಾಗಲೆಂದು ಬೇಡಿಕೊಳ್ಳುತ್ತಾನೆ. ತನ್ನ ಮಗ ಲಕ್ಷಣಕುಮಾರನನ್ನು ಕಂಡಾಗ, ತಂದೆಗೆ ಮಗನು ಕೊಡಬೇಕಾದ ತರ್ಪಣವನ್ನು ಮಗನಿಗೆ ತಂದೆಯು ಕೊಡುವಂತಾಯಿತಲ್ಲ, ಕ್ರಮವನ್ನು ಕೆಡಿಸಿದೆಯಲ್ಲ ಎಂದು ಅವನನ್ನೇ ದೂರುತ್ತಾನೆ. ಮಕ್ಕಳನ್ನು ಕಳೆದುಕೊಂಡ ಮನೆಯವರಿಗೆ ಈ ದೂರು ಹೊಸದಾಗಿ ಕೇಳಿಸದು.

ಆಮೇಲೆ ಕರ್ಣನು. ಇಲ್ಲಿ ರನ್ನನು ಮಾಡಿರುವ ಒಂದು ಕೆಲಸವನ್ನು ಎಷ್ಟು ನೆನೆದರೂ ಸಾಲದು. ಕರ್ಣನು ಕುಂತಿಯ ಮಗನೆಂಬುದು ತನಗೂ ತಿಳಿದಿತ್ತೆಂದು ದುರ್ಯೋಧನನು ಆ ಹೆಣದ ಮುಂದೆ ಹೇಳಿಕೊಳ್ಳುತ್ತಾನೆ. ಎಂದರೆ, ಗೆಳೆಯರಿಬ್ಬರೂ ಒಂದೇ ಗುಟ್ಟನ್ನು ಹೊತ್ತು, ಒಂದೇ ಪಾಳೆಯದಲ್ಲಿ ಉಂಡು ಮಲಗಿ, ಒಬ್ಬನಿಗೆ ತಿಳಿದಿರುವುದನ್ನು ಇನ್ನೊಬ್ಬನು ಅರಿಯದಂತೆ ನಡೆದುಕೊಂಡಿದ್ದರು. ನೋಯಿಸಬಾರದೆಂಬ ದಾಕ್ಷಿಣ್ಯವು ಒಂದು ಕಡೆ ಇದ್ದಿರಬಹುದು; ಹೇಳಿದರೆ ಇವನನ್ನು ಕಳೆದುಕೊಳ್ಳುವೆನೆಂಬ ಭಯವು ಇನ್ನೊಂದು ಕಡೆ. ಕಡೆಗೆ ಮಾತು ಹೊರಬಿದ್ದುದು ಕೇಳುವ ಕಿವಿಯು ಇಲ್ಲದಾದ ಮೇಲೆ. ಭೀಷ್ಮನು ಸಂಧಿಯ ಮಾತೆತ್ತಿದಾಗ ದುರ್ಯೋಧನನು ಒಪ್ಪದಿದ್ದುದೂ ಈ ದುಃಖದ ಫಲವೇ. ಕರ್ಣನನ್ನು ಕೊಲ್ಲಿಸಿದ ನೆಲವು ತನಗೇಕೆಂಬುದು ಅವನ ವಾದ. ಅವನ ಛಲವನ್ನು ಬರಿಯ ಹಟವೆಂದು ತಳ್ಳಿಬಿಡುವ ವಿಮರ್ಶಕರು ಈ ಹೆಣಗಳ ನಡುವಣ ದಾರಿಯನ್ನು ಅವಸರದಲ್ಲಿ ದಾಟಿದವರೆಂದೇ ತೋರುತ್ತದೆ.

ಕರ್ಣನ ಮೌನವು ಕರ್ಣನೊಡನೆ ಮುಗಿಯಲಿಲ್ಲ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕೃಷ್ಣನು ಜನ್ಮವೃತ್ತಾಂತವನ್ನು ಹೇಳಿದಾಗ, ಇದನ್ನು ಯುಧಿಷ್ಠಿರನಿಗೆ ತಿಳಿಸಬೇಡವೆಂದು ಕರ್ಣನೇ ಕೇಳಿಕೊಂಡನು. ತಿಳಿದರೆ ಆ ಧರ್ಮಾತ್ಮನು ರಾಜ್ಯವನ್ನು ಮುಟ್ಟಲಾರನೆಂದು ಅವನಿಗೆ ಗೊತ್ತಿದ್ದಿತು. ಇದಕ್ಕಿಂತ ಉದಾತ್ತವಾದ ಮೌನವು ಇರಲಾರದು. ಆದರೆ ಅದರ ಬೆಲೆಯನ್ನು ತೆತ್ತವನು ಯುಧಿಷ್ಠಿರನು. ಯುದ್ಧ ಮುಗಿದು, ಸತ್ತವರಿಗೆ ನೀರು ಬಿಡುವ ಹೊತ್ತಿನಲ್ಲಿ ಕುಂತಿಯು ಬಾಯಿಬಿಟ್ಟಳು. ಗೆದ್ದ ಅರಸನಿಗೆ ಆ ಕ್ಷಣದಿಂದ ಗೆಲವು ಬೇಡವಾಯಿತು. ಕಾಡಿಗೆ ಹೋಗುವೆನೆಂದನು. ತಮ್ಮಂದಿರು ಗದರಿದರು, ದ್ರೌಪದಿಯು ಹಂಗಿಸಿದಳು, ಋಷಿಗಳು ಸಮಾಧಾನ ಹೇಳಿದರು. ಶಾಂತಿಪರ್ವವು ಅಷ್ಟು ದೀರ್ಘವಾಗಿರುವುದಕ್ಕೆ ರಾಜಧರ್ಮ ಮೋಕ್ಷಧರ್ಮಗಳ ವಿಸ್ತಾರವನ್ನು ಪಂಡಿತರು ಕಾರಣವಾಗಿ ಹೇಳುವರು. ಅದು ನಿಜವೇ. ಆದರೆ ಕದನದಿಂದ ಬಂದ ಒಬ್ಬನನ್ನು ಮತ್ತೆ ಬದುಕಿಗೆ ಹೊಂದಿಸಲು ಎಷ್ಟು ಜನ, ಎಷ್ಟು ದಿನ, ಎಷ್ಟು ಮಾತು ಬೇಕಾಗುವುದೆಂಬುದಕ್ಕೂ ಆ ಪರ್ವವು ಒಂದು ಅಳತೆಗೋಲಾಗಿದೆ.

ಹಾಗಾದರೆ ಆಡಿಕೊಂಡರೆ ಎಲ್ಲವೂ ನೆಟ್ಟಗಾಗುವುದೋ? ಅಶ್ವತ್ಥಾಮನ ಕಥೆಯು ಇದಕ್ಕೆ ಅಡ್ಡ ನಿಲ್ಲುತ್ತದೆ. ತಂದೆಯನ್ನು ಕಪಟದಿಂದ ಕೊಂದರೆಂಬ ಬೇಗೆಯಲ್ಲಿ ಅವನು ಆಲದ ಮರದಡಿ ಎಚ್ಚರವಾಗಿದ್ದನು. ಕೃಪ ಕೃತವರ್ಮರು ದಣಿದು ನಿದ್ರೆಹೋಗಿದ್ದರು. ಮರದ ಮೇಲೆ ಗೂಗೆಯೊಂದು ಮಲಗಿದ ಕಾಗೆಗಳನ್ನು ಕೊಲ್ಲುವುದನ್ನು ಕಂಡು ಅವನಿಗೆ ಉಪಾಯವು ಹೊಳೆಯಿತು. ಆಗ ಕೃಪನು ಕೊಟ್ಟ ಬುದ್ಧಿಯು ಯಾವ ವೈದ್ಯನೂ ಒಪ್ಪತಕ್ಕುದು: ಕವಚವನ್ನು ಕಳಚು, ಈ ರಾತ್ರಿ ಮಲಗು, ಹಿರಿಯರನ್ನು ಕೇಳಿ ಮುಂದಿನದನ್ನು ಮಾಡೋಣ. ಸಂಕಟಪಡುವವನಿಗೆ, ಕೆರಳಿದವನಿಗೆ ನಿದ್ರೆಯೆಲ್ಲಿಯದೆಂದು ಅಶ್ವತ್ಥಾಮನು ಉತ್ತರ ಕೊಟ್ಟನು. ಅವನು ಮನಸ್ಸನ್ನು ಮುಚ್ಚಿಡಲಿಲ್ಲ; ಕೇಳುವವರೂ ಇದ್ದರು. ಆದರೂ ನಸುಕಿನೊಳಗೆ ದ್ರೌಪದಿಯ ಐವರು ಮಕ್ಕಳು ಸತ್ತುಬಿದ್ದಿದ್ದರು. ಆಡುವುದೊಂದೇ ಸಾಲದು, ಕಾಯುವುದೂ ಬೇಕು. ಅವನಿಗೆ ಬಂದ ಶಾಪವನ್ನು ಮಾತ್ರ ವಾಚಕರು ಗಮನವಿಟ್ಟು ನೋಡಬೇಕು. ಸಾವಿಲ್ಲದೆ, ಕೀವು ರಕ್ತಗಳ ನಾತದೊಡನೆ, 3000 ವರ್ಷ, ಯಾರೊಡನೆಯೂ ಮಾತುಕತೆಯಿಲ್ಲದೆ ಅಲೆಯಬೇಕೆಂಬುದು ಆ ಶಾಪ. ಮೌನವನ್ನು ವೀರಲಕ್ಷಣವೆಂದು ಹೊಗಳುವ ಲೋಕಕ್ಕೆ, ವ್ಯಾಸರು ಅದನ್ನು ದಂಡನೆಯ ಪಟ್ಟಿಯಲ್ಲಿ ಬರೆದಿರುವುದು ತಿಳಿದಿರಲಿ.

ಬಿ. ಎಂ. ಶ್ರೀಕಂಠಯ್ಯನವರು 1929ರಲ್ಲಿ ಅಶ್ವತ್ಥಾಮನ್ ನಾಟಕವನ್ನು ಬರೆದಾಗ, ಗ್ರೀಕ್ ಕವಿ ಸೊಫೊಕ್ಲೀಸನ ಅಜಾಕ್ಸ ನಾಟಕವನ್ನು ಮಾದರಿಯಾಗಿ ಹಿಡಿದುದು ಸುಮ್ಮನೆ ಅಲ್ಲ. ಅವಮಾನದಿಂದ ಬುದ್ಧಿಗೆಟ್ಟ ಯೋಧನ ಕಥೆಯದು. ಬರೆದ ಸೊಫೊಕ್ಲೀಸನೂ ಅಥೆನ್ಸಿನ ದಂಡನಾಯಕರಲ್ಲಿ ಒಬ್ಬನಾಗಿದ್ದವನು. ಕುವೆಂಪು ಅವರ ಸ್ಮಶಾನ ಕುರುಕ್ಷೇತ್ರವೂ ಎಸ್. ಎಲ್. ಭೈರಪ್ಪನವರ ಪರ್ವವೂ (1979) ಇದೇ ರಣಭೂಮಿಗೆ ಮರಳಿದುವು. ಪರ್ವದಲ್ಲಿ ಹಸಿವು, ಹೊಲಸು, ಹೆಣದ ನಾತಗಳು ದೇವತೆಗಳ ಸ್ಥಾನವನ್ನು ಹಿಡಿದಿವೆ. ಪಾಶ್ಚಾತ್ಯ ವೈದ್ಯಶಾಸ್ತ್ರವು ಯುದ್ಧಾಘಾತದಿಂದ ಉಳಿದುಬರುವ ಮನೋವ್ಯಾಧಿಗೆ ಈಗಿನ ಹೆಸರನ್ನು ಕೊಟ್ಟುದು 1980ರಲ್ಲಿ. ಅಮೆರಿಕೆಯ ಜೊನಾಥನ್ ಶೇ ಎಂಬ ಮನೋವೈದ್ಯನು ವಿಯೆಟ್ನಾಮಿನಿಂದ ಬಂದ ಸೈನಿಕರನ್ನು ಅರಿಯಲು ಹೋಮರನ ಅಖಿಲೀಸನನ್ನು ಓದಿ, 1994ರಲ್ಲಿ ಒಂದು ಗ್ರಂಥವನ್ನೇ ಬರೆದನು. ಇಲ್ಲಿಯ ವೈದ್ಯರಿಗೆ ಅಷ್ಟು ದೂರ ಹೋಗಬೇಕಾದುದಿಲ್ಲ.

ಕಾಳಗದ ನಡುವೆ ಅಳುತ್ತ ಕುಳಿತರೆ ಜೊತೆಯವರ ಪ್ರಾಣಕ್ಕೂ ಸಂಚಕಾರವೆಂಬ ಆಕ್ಷೇಪವು ಸರಿಯಾದುದೇ. ಅರ್ಜುನನನ್ನು ಕೃಷ್ಣನು ಎಬ್ಬಿಸಿ ನಿಲ್ಲಿಸಿದುದೂ ಆ ಹೊತ್ತಿಗೆ ಹಾಗೆಯೇ ಆಗಬೇಕಾಗಿತ್ತು. ಇಲ್ಲಿಯ ಪ್ರಶ್ನೆಯು ಕವಚವನ್ನು ಕಳಚಿದ ಮೇಲಣದು.

ಕಾರವಾರದ ಕಡಲತೀರದಲ್ಲಿ ಮೇಜರ್ ರಾಮ ರಾಘೋಬಾ ರಾಣೆಯವರ ಪ್ರತಿಮೆಯಿದೆ. ಚೆಂಡಿಯೆಯಲ್ಲಿ 1918ರಲ್ಲಿ ಹುಟ್ಟಿದ ಅವರು 1948ರ ಏಪ್ರಿಲಿನಲ್ಲಿ ಗಾಯಗೊಂಡೂ ರಜೌರಿಯ ದಾರಿಯ ನೆಲಬಾಂಬುಗಳನ್ನು ತೆಗೆಸಿ ಸೇನೆಗೆ ದಾರಿ ಮಾಡಿಕೊಟ್ಟವರು. ಆ ಯುದ್ಧಕ್ಕಾಗಿ ಕೊಟ್ಟ ಐದು ಪರಮವೀರ ಚಕ್ರಗಳಲ್ಲಿ ಬದುಕಿದ್ದವರಿಗೆ ಸಂದುದು ಎರಡೇ. ಅವುಗಳಲ್ಲಿ ಒಂದು ಅವರದು. ಅವರು ಬದುಕಿದ್ದುದು 1994ರವರೆಗೆ. ಪ್ರತಿಮೆಯ ಮುಂದೆ ಮಕ್ಕಳನ್ನು ನಿಲ್ಲಿಸಿ ತಂದೆತಾಯಿಗಳು ಆ ನಾಲ್ಕು ದಿನಗಳ ಕಥೆಯನ್ನು ಹೇಳುವರು. ಹೇಳಬೇಕಾದುದೇ. ಆದರೆ ನಾಲ್ಕು ದಿನಗಳ ಹಿಂದೆ ನಲವತ್ತಾರು ವರ್ಷಗಳ ಬಾಳೊಂದು ನಿಂತಿದೆ. ಕಲ್ಲು ಅದನ್ನು ಹೇಳಲಾರದು.

ಸೇನೆಯಿಂದಲೋ ನೌಕಾದಳದಿಂದಲೋ ರಜೆಯ ಮೇಲೆ ಊರಿಗೆ ಬಂದ ಹುಡುಗನನ್ನು ನೆರೆಹೊರೆಯವರು ಸುತ್ತುವರಿದು ಕೇಳುವ ಮೊದಲನೆಯ ಪ್ರಶ್ನೆಯು ಎಷ್ಟು ಜನರನ್ನು ಹೊಡೆದೆಯೆಂಬುದು. ಕೇಳುವವರಲ್ಲಿ ದುರುದ್ದೇಶವಿರುವುದಿಲ್ಲ. ರನ್ನನ ಸಂಜಯನು ದುರ್ಯೋಧನನಿಗೆ ಅಲ್ಲಲ್ಲಿ ಬುದ್ಧಿ ಹೇಳಿದುದುಂಟು; ಆದರೆ ಹೆಣಗಳ ನಡುವೆ ಅವನ ಜೊತೆಯನ್ನು ಬಿಡಲಿಲ್ಲ. ಹುಡುಗನು ಆ ಪ್ರಶ್ನೆಗೆ ಸಣ್ಣಗೆ ನಕ್ಕು, ಜಗಲಿಯಿಂದೆದ್ದು ತೋಟದ ಕಡೆಗೆ ನಡೆಯುವನು. ಅವನ ಹಿಂದೆ ಯಾರಾದರೂ ಎದ್ದು ಹೋಗುವರೋ ಇಲ್ಲವೋ ಎಂಬುದು ಆಯಾ ಮನೆಯ ಮಾತು.