ತಲೆಗೆ ಮೂರೂವರೆ ಸಾವಿರ

1984ರಲ್ಲಿ ಬ್ಯಾಂಕಿನ ಕೆಲಸಕ್ಕೆಂದು ಪುಣೆಗೆ ಬಂದವನು ಇಲ್ಲಿಯೇ ಉಳಿದೆ, ಇಲ್ಲಿಯೇ ನಿವೃತ್ತನಾದೆ. ಬ್ಯಾಂಕು ಬಿಟ್ಟರೂ ಬ್ಯಾಂಕಿನ ಚಟ ಬಿಟ್ಟಿಲ್ಲ. ಎಲ್ಲಿಗೆ ಹೋಗಿ ಬಂದರೂ ಖರ್ಚನ್ನು ಬಾಬ್ತುವಾರು ಬರೆದಿಡುತ್ತೇನೆ. ಹೆಂಡತಿ ನಗುತ್ತಾಳೆ, ಮಗ ಮಾತ್ರ ಆ ಪುಸ್ತಕವನ್ನೇ ನನ್ನ ವಿರುದ್ಧ ಸಾಕ್ಷಿಯಾಗಿ ಬಳಸುತ್ತಾನೆ. ಈ ಬರಹ ಹುಟ್ಟಿದ್ದು ಅಂಥದೊಂದು ವಾದದಿಂದ.

2024ರಲ್ಲಿ ನಮ್ಮ ಮನೆಯ ಆರು ಜನ ಎರಡು ಪ್ರವಾಸ ಮಾಡಿದೆವು. ಮೇ ತಿಂಗಳಲ್ಲಿ ಬ್ಯಾಂಕಾಕಿಗೆ, ಡಿಸೆಂಬರ್ ಕೊನೆಯಲ್ಲಿ ಸಾಗರ ತಾಲೂಕಿನ ನಮ್ಮೂರಿಗೆ. ಎರಡೂ ಕಡೆ ಐದೈದು ರಾತ್ರಿ. ನಮ್ಮೂರಿನಲ್ಲಿ ಹಳೆಯ ಮನೆ ಇದೆ, ಆದರೆ ಬೀಗ ಹಾಕಿದೆ. ಅಣ್ಣ ಇಲ್ಲ. ಅತ್ತಿಗೆ ಬೆಂಗಳೂರಿನಲ್ಲಿ ಮಗನ ಜೊತೆ ಇದ್ದಾರೆ. ಬಾವಿಯ ಪಂಪು ಕೆಟ್ಟಿದೆ, ಅಟ್ಟದಲ್ಲಿ ಬಾವಲಿಗಳು ಸಂಸಾರ ಹೂಡಿವೆ. ಹಾಗಾಗಿ ಎರಡು ಮೈಲಿ ಆಚೆ, ಶರಾವತಿ ಹಿನ್ನೀರಿನ ದಂಡೆಯ ಒಂದು ಹೋಮ್‌ಸ್ಟೇಯಲ್ಲಿ ಇಳಿದೆವು. ದೊಡ್ಡವರಿಗೆ ತಲೆಗೆ ಮೂರೂವರೆ ಸಾವಿರ, ಮಕ್ಕಳಿಗೆ ಅರ್ಧ. ಹುಟ್ಟಿದ ಊರಿನಲ್ಲಿ ದುಡ್ಡು ಕೊಟ್ಟು ಮಲಗಿದ್ದು ನನ್ನ ಜೀವನದಲ್ಲಿ ಅದೇ ಮೊದಲು.

ವಾಪಸು ಬಂದ ಮೇಲೆ ಮಗ ನನ್ನ ಪುಸ್ತಕ ತೆಗೆದ. ಬ್ಯಾಂಕಾಕಿನ ಒಟ್ಟು ಖರ್ಚು 1,74,000 ರೂಪಾಯಿ. ಊರಿನದ್ದು, ಪುಣೆಯಿಂದ ಬಾಡಿಗೆ ಕಾರು ಸೇರಿ, 1,40,000. "ನೋಡು, ಊರೇ ಅಗ್ಗ" ಎಂದೆ ನಾನು. "ಅಪ್ಪ, ಅಲ್ಲಿ ವಿಮಾನಕ್ಕೇ ಒಂದು ಲಕ್ಷದ ಮೇಲೆ ಹೋಗಿದೆ. ಇರೋದು, ಉಣ್ಣೋದು ಎಷ್ಟಾಯ್ತು ನೋಡಿ" ಎಂದ. ನೋಡಿದೆ. ಬ್ಯಾಂಕಾಕಿನಲ್ಲಿ ಎರಡು ಕೋಣೆ, ಊಟ ತಿಂಡಿ ಎಲ್ಲ ಸೇರಿ 58,000. ನಮ್ಮೂರಿನಲ್ಲಿ 87,500. ಈ ಹೋಲಿಕೆ ಪೂರ್ತಿ ನ್ಯಾಯದ್ದೇನಲ್ಲ. ಮೇ ತಿಂಗಳು ಅಲ್ಲಿ ಸೆಕೆಗಾಲ, ಗಿರಾಕಿ ಕಡಿಮೆ. ಇಲ್ಲಿ ಡಿಸೆಂಬರ್ ಕೊನೆಯ ವಾರ ಎಂದರೆ ಇಡೀ ಬೆಂಗಳೂರೇ ಮಲೆನಾಡಿಗೆ ನುಗ್ಗುವ ಕಾಲ. ಆದರೂ ಮಗನ ಮಾತಿನಲ್ಲಿ ಹುರುಳಿತ್ತು. ಇಂಥ ಲೆಕ್ಕ ಈಗ ಪುಣೆ, ಮುಂಬಯಿಯ ಎಷ್ಟೋ ಕನ್ನಡದ ಮನೆಗಳಲ್ಲಿ ನಡೆಯುತ್ತಿದೆ. ಊರಿನಲ್ಲಿರುವ ನಿಮಗೆ ಇದು ವಿಚಿತ್ರವಾಗಿ ಕಾಣಬಹುದು, ಬೇಸರವೂ ಆಗಬಹುದು. ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಯಾಕೆ ಹೀಗೆ ಎಂದು ಕೇಳಿದರೆ ವ್ಯಾವಹಾರಿಕ ಕಾರಣಗಳು ಹಲವು. 2019ರಲ್ಲಿ ಥೈಲ್ಯಾಂಡಿಗೆ ಸುಮಾರು 4 ಕೋಟಿ ವಿದೇಶಿ ಪ್ರವಾಸಿಗರು ಬಂದಿದ್ದರು. ಅಷ್ಟು ದೊಡ್ಡ ನಮ್ಮ ದೇಶಕ್ಕೆ ಅದೇ ವರ್ಷ ಬಂದವರು 1 ಕೋಟಿ 9 ಲಕ್ಷ. ನಾಲ್ಕು ಕೋಟಿ ಜನರಿಗೆಂದು ಕಟ್ಟಿದ ಕೋಣೆಗಳು ಗಿರಾಕಿಗಾಗಿ ಪೈಪೋಟಿ ನಡೆಸುತ್ತವೆ. ನಮ್ಮಲ್ಲಿ ಕೋಣೆ ಕಡಿಮೆ, ರಜೆ ಮಾತ್ರ ಎಲ್ಲರಿಗೂ ಒಂದೇ ವಾರ. ತೆರಿಗೆಯೂ ಒಂದು ಕಾರಣ. ಅಲ್ಲಿ ಮೌಲ್ಯವರ್ಧಿತ ತೆರಿಗೆ ಶೇಕಡಾ 7. ನಮ್ಮಲ್ಲಿ 2017ರಲ್ಲಿ ಜಿ.ಎಸ್.ಟಿ. ಬಂದಾಗ ದುಬಾರಿ ಕೋಣೆಗಳ ಮೇಲೆ ಶೇಕಡಾ 28 ಇತ್ತು, 2019ರ ಅಕ್ಟೋಬರಿನಲ್ಲಿ ಅದು 18 ಆಯಿತು. 7,500 ರೂಪಾಯಿವರೆಗಿನ ಕೋಣೆಗಳ ತೆರಿಗೆ 12ರಿಂದ 5ಕ್ಕೆ ಇಳಿದದ್ದು 2025ರ ಸೆಪ್ಟೆಂಬರಿನಲ್ಲಿ. ಇನ್ನು ವೀಸಾ. 2023ರ ನವೆಂಬರಿನಲ್ಲಿ ಥೈಲ್ಯಾಂಡ್, ಡಿಸೆಂಬರಿನಲ್ಲಿ ಮಲೇಶಿಯ ನಮ್ಮವರಿಗೆ ವೀಸಾ ಬೇಡವೆಂದವು. ಬಾಗಿಲು ತೆಗೆದು ಕರೆದರೆ ಜನ ಹೋಗದೆ ಇರುತ್ತಾರೆಯೇ?

ಒಂದು ವಿಷಯ ಮಾತ್ರ ನನಗೆ ತಮಾಷೆಯಾಗಿ ಕಂಡಿತು. ಬ್ಯಾಂಕಾಕಿನ ಅರಮನೆ ನೋಡಲು ವಿದೇಶೀಯರಿಗೆ 500 ಬಾತ್, ಎಂದರೆ ಆಗ ಸುಮಾರು 1,150 ರೂಪಾಯಿ. ಅಲ್ಲಿಯ ಜನಕ್ಕೆ ಪುಕ್ಕಟೆ. ನಮ್ಮ ಹಂಪಿಯಲ್ಲಿ ವಿದೇಶೀಯರಿಗೆ 600 ರೂಪಾಯಿ, ನಮಗೆ 40. ಆದರೆ ಬಿಮ್‌ಸ್ಟೆಕ್ ದೇಶಗಳವರಿಗೆ ನಮ್ಮದೇ ದರವಾದ್ದರಿಂದ ಥೈಲ್ಯಾಂಡಿನವನು ಹಂಪಿಯಲ್ಲಿ 40 ರೂಪಾಯಿಗೆ ಒಳಗೆ ಹೋಗುತ್ತಾನೆ. ನಾನು ಅವನೂರಿನಲ್ಲಿ ಪರದೇಶಿ, ಅವನು ನನ್ನೂರಿನಲ್ಲಿ ಮನೆಯವನು. ತನ್ನವರು ಯಾರು, ಹೊರಗಿನವರು ಯಾರು ಎಂಬುದನ್ನು ಕೊನೆಗೆ ಟಿಕೆಟಿನ ಕಿಟಕಿಯೇ ತೀರ್ಮಾನಿಸುತ್ತದೆ ಎನಿಸಿತು. ಹೋಮ್‌ಸ್ಟೇಯ ರಿಜಿಸ್ಟರಿನಲ್ಲಿ 'ಎಲ್ಲಿಂದ ಬಂದಿರಿ' ಎಂಬ ಕಾಲಮ್ಮಿನಲ್ಲಿ 'ಪುಣೆ' ಎಂದು ಬರೆಯುವಾಗಲೂ ಇದೇ ನೆನಪಾಯಿತು.

ಬ್ಯಾಂಕಿನಲ್ಲಿದ್ದಾಗ ನಮಗೆ ರಜೆ ಪ್ರವಾಸದ ರಿಯಾಯಿತಿ ಇತ್ತು, ಎಲ್.ಎಫ್.ಸಿ. ಎಂದು ಕರೆಯುತ್ತಿದ್ದೆವು. ಊರಿಗಾದರೂ ಹೋಗಬಹುದು, ದೇಶದ ಬೇರೆ ಕಡೆಗಾದರೂ ಹೋಗಬಹುದು. ಕೆಲವರು ಕನ್ಯಾಕುಮಾರಿ ಎಂದು ಬರೆದು ಕೊಲಂಬೊ, ಸಿಂಗಪುರ ಸುತ್ತಿ ಬರುತ್ತಿದ್ದರು. ಆಗ ಬ್ಯಾಂಕೂ ಅದನ್ನು ಒಪ್ಪುತ್ತಿತ್ತು, ನಾನೂ ಒಮ್ಮೆ ಹಾಗೆ ಹೋಗಿದ್ದೇನೆ. ಮುಂದೆ ಇಂಥ ಪ್ರವಾಸದ ಆದಾಯ ತೆರಿಗೆಯ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ನವೆಂಬರಿನಲ್ಲಿ ತೀರ್ಪು ಬಂತು: ವಿನಾಯಿತಿ ದೇಶದೊಳಗಿನ ಪ್ರಯಾಣಕ್ಕೆ ಮಾತ್ರ, ಅದೂ ಅತಿ ಹತ್ತಿರದ ದಾರಿಗೆ. ನೌಕರನು ಈ ವಿಶಾಲ ದೇಶದಲ್ಲಿ ತಿರುಗಾಡಿ ಇಲ್ಲಿಯ ಸಂಸ್ಕೃತಿಯನ್ನು ಅರಿಯಲಿ ಎಂಬುದೇ ಯೋಜನೆಯ ಉದ್ದೇಶ ಎಂದಿತು ಕೋರ್ಟು. ಓದಿ ನನಗೆ ಸ್ವಲ್ಪ ನಾಚಿಕೆಯಾಯಿತು. ಖರ್ಚು ಎಷ್ಟಾಯಿತು ಎಂಬುದಕ್ಕಿಂತ ಮೊದಲು ಯಾತಕ್ಕೆ ಹೋದೆ ಎಂದು ಕೇಳಬೇಕಿತ್ತು. ಬೇರೆಯವರ ಓಚರುಗಳಲ್ಲಿ ಜೀವನವಿಡೀ ಅದನ್ನೇ ಕೇಳಿದವನು ನಾನು.

ಆದರೆ ನನ್ನ ನಿಜವಾದ ಪಾಠ ಕೋರ್ಟಿನಿಂದ ಬರಲಿಲ್ಲ, ಅತ್ತಿಗೆಯಿಂದ ಬಂತು.

ಊರಿನಿಂದ ಬಂದ ಮೇಲೆ ಅತ್ತಿಗೆಗೆ ಫೋನು ಮಾಡಿದೆ. ಅವರು ಮದುವೆಯಾಗಿ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ, ಹಾಗಾಗಿ ಈಗಲೂ ನನ್ನನ್ನು ಏಕವಚನದಲ್ಲೇ ಮಾತಾಡಿಸುತ್ತಾರೆ. "ಅತ್ತಿಗೆ, ನಮ್ಮೂರಲ್ಲಿ ಈಗ ತಲೆಗೆ ಮೂರೂವರೆ ಸಾವಿರ ಅಂತೆ! ಅದೇ ತಂಬುಳಿ, ಅದೇ ಅಪ್ಪೆಹುಳಿ, ಅದೇ ಕೆಂಪಕ್ಕಿ ಗಂಜಿ!" ಎಂದು ದೂರಿದೆ. ಅವರು ಜೋರಾಗಿ ನಕ್ಕರು. "ಹೌದಾ ಮಾರಾಯ? ನಾನೂ ಆಗಲೇ ರೇಟು ಹಾಕಿದ್ರೆ ಬೆಂಗಳೂರಲ್ಲಿ ಎರಡು ಸೈಟು ಮಾಡ್ಕೋಬಹುದಿತ್ತು."

ನಾನೂ ನಕ್ಕೆ. ಆದರೆ ಫೋನು ಇಟ್ಟ ಮೇಲೆ ನನ್ನ ಚಟ ಸುಮ್ಮನಿರಲಿಲ್ಲ. ಆ ದಿನಗಳಲ್ಲಿ ಏಪ್ರಿಲ್ ಮುಗಿಯುತ್ತಲೇ ನಾವು ಊರಿಗೆ ಹೊರಡುತ್ತಿದ್ದೆವು. ಪುಣೆಯಿಂದ ಮೀರಜಿನವರೆಗೆ ದೊಡ್ಡ ಗಾಡಿ, ಅಲ್ಲಿ ಇಳಿದು ಟ್ರಂಕು, ಹೂಜಿ, ಮಕ್ಕಳನ್ನು ಹೊತ್ತು ಮೀಟರ್ ಗೇಜಿನ ಗಾಡಿ, ಹುಬ್ಬಳ್ಳಿಯಿಂದ ಕೆಂಪು ಬಸ್ಸು. ಮುಂಬಯಿಯಿಂದ ನನ್ನ ತಮ್ಮನ ಸಂಸಾರ, ಬೆಂಗಳೂರಿನಿಂದ ಅಕ್ಕನದು. ಗಂಡಸರು ಹತ್ತು ದಿನಕ್ಕೆ ಮರಳುತ್ತಿದ್ದೆವು, ಮಕ್ಕಳು ತಿಂಗಳು ಪೂರ್ತಿ. ಸರಾಸರಿ ಹತ್ತು ಜನ, ಮೂವತ್ತು ದಿನ. ಈಗಿನ ಮೂರೂವರೆ ಸಾವಿರದ ದರದಲ್ಲಿ ಒಂದು ಬೇಸಿಗೆಗೆ 10,50,000 ರೂಪಾಯಿ. ಇಂಥ ಇಪ್ಪತ್ತು ಬೇಸಿಗೆಗಳನ್ನು ನಾವು ಆ ಮನೆಯಲ್ಲಿ ಕಳೆದಿದ್ದೇವೆ. 'ಊರಿಗೆ ಹೋದರೆ ಖರ್ಚೇ ಇಲ್ಲ' ಎಂದು ಆಫೀಸಿನಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಖರ್ಚು ಇತ್ತು. ನನ್ನ ಪುಸ್ತಕದಲ್ಲಿ ಇರಲಿಲ್ಲ, ಅಷ್ಟೆ. ಅಕ್ಕಿ, ಬೇಳೆ ಅಣ್ಣನದಾದರೆ ದುಡಿಮೆ ಅತ್ತಿಗೆಯದು. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದರೆ ರಾತ್ರಿ ಹತ್ತಕ್ಕೆ ಅದು ಆರುತ್ತಿತ್ತು. ನಡುವೆ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಹೊರಡುವಾಗ ಎಲ್ಲರಿಗೂ ಒಂದೊಂದು ಡಬ್ಬಿ.

ಮರುದಿನ ಮತ್ತೆ ಫೋನು ಮಾಡಿದೆ. "ನೀವು ಬೇಸಿಗೇಲಿ ತವರಿಗೆ ಹೋಗ್ತಿದ್ದದ್ದು ಯಾವಾಗ ಅತ್ತಿಗೆ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬೇಸಿಗೇಲಿ ಎಲ್ಲಿ ಹೋಗೋದು? ನೀವೆಲ್ಲ ಇರ್ತಿದ್ರಲ್ಲ. ನೀವು ಹೋದ ಮೇಲೆ, ಮಳೆ ಹಿಡಿದ ಮೇಲೆ ಹೋಗ್ತಿದ್ದೆ. ಅಲ್ಲಿ ಮಾವಿನಹಣ್ಣು ಮುಗಿದಿರ್ತಿತ್ತು. ನನ್ನ ಅಕ್ಕತಂಗಿಯರೂ ಬಂದು ಹೋಗಿರ್ತಿದ್ರು." ಅದರಲ್ಲಿ ದೂರು ಇರಲಿಲ್ಲ. ದೂರು ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು, ಏನಾದರೂ ಸಮಜಾಯಿಷಿ ಕೊಡಬಹುದಿತ್ತು.

ಸಮಜಾಯಿಷಿ ಇಲ್ಲವೆಂದಲ್ಲ. ಅಣ್ಣನ ಮಗ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ, ನಾಲ್ಕು ವರ್ಷ ನಮ್ಮ ಮನೆಯಲ್ಲೇ ಇದ್ದ. ಅಲ್ಲಿಯ ಬೇಸಿಗೆಗಳಿಗೆ ಇಲ್ಲಿಯ ನಾಲ್ಕು ವರ್ಷ ಜಮಾ ಆಯಿತಲ್ಲ ಎಂದು ಹೆಂಡತಿಯ ಮುಂದೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಾ ತಲೆ ಎತ್ತದೆ ಹೇಳಿದಳು: "ಹೊಂದಿಸಿಕೊಂಡದ್ದು ನೀವು ಅಣ್ಣತಮ್ಮಂದಿರು. ಅಲ್ಲಿ ಬೇಯಿಸಿದ್ದು ಅಕ್ಕ, ಇಲ್ಲಿ ಬೇಯಿಸಿದ್ದು ನಾನು." ನಲವತ್ತು ವರ್ಷದ ಲೆಕ್ಕಪತ್ರದಲ್ಲಿ ಇಷ್ಟು ದೊಡ್ಡ ತಪ್ಪನ್ನು ಯಾವ ಆಡಿಟರೂ ನನಗೆ ತೋರಿಸಿರಲಿಲ್ಲ. ಎರಡೂ ಕಡೆಯ ಸಾಲವನ್ನು ಬೇರೆ ಇಬ್ಬರು ತೀರಿಸಿದ್ದರು. ನಮ್ಮ ಬಾಕಿ ಮಾತ್ರ ಸೊನ್ನೆ ಎಂದು ನಾವು ನೆಮ್ಮದಿಯಿಂದ ಇದ್ದೆವು.

ಈಗ ಆ ಹೋಮ್‌ಸ್ಟೇಯ ಹೆಂಗಸು ನೆನಪಾಗುತ್ತಾರೆ. ಅವರೂ ಐದಕ್ಕೇ ಏಳುತ್ತಿದ್ದರು. ನಮಗೆ ಕಡುಬು, ಮಕ್ಕಳಿಗೆ ನೀರುದೋಸೆ, ನನ್ನ ಹೆಂಡತಿಗೆ ಸಕ್ಕರೆ ಇಲ್ಲದ ಕಷಾಯ. ಅತ್ತಿಗೆ ಮಾಡಿದ್ದನ್ನೇ ಅವರೂ ಮಾಡಿದರು, ಆದರೆ ಬೆಲೆ ಹೇಳಿ ಮಾಡಿದರು. ಮೂರೂವರೆ ಸಾವಿರ ಹೆಚ್ಚಾಯಿತು ಎಂದು ನಾನು ಗೊಣಗಿದ್ದು ಯಾವುದಕ್ಕೆ? ಅಂಥ ದುಡಿಮೆ ಪುಕ್ಕಟೆ ಸಿಗುತ್ತಿದ್ದ ಕಾಲಕ್ಕೆ ಹೋಲಿಸಿ ತಾನೆ? ಬ್ಯಾಂಕಾಕಿನ ಹೋಟೆಲಿನಲ್ಲಿ ನನ್ನ ಹಾಸಿಗೆ ಸರಿಮಾಡಿದವಳಿಗೆ ತಿಂಗಳಿಗೆ ಎಷ್ಟು ಸಿಗುತ್ತದೋ ನಾನು ಕೇಳಲೇ ಇಲ್ಲ. ಅಗ್ಗ ಸಿಕ್ಕಿತೆಂದು ಹಿಗ್ಗುವಾಗ ನಾವು ಯಾರೂ ಅದನ್ನು ಕೇಳುವುದಿಲ್ಲ. ಹಾಗೆಂದು ದುಬಾರಿಯಾದದ್ದೆಲ್ಲ ನ್ಯಾಯವೂ ಅಲ್ಲ, ರಜೆಯ ವಾರದಲ್ಲಿ ದರವನ್ನು ದುಪ್ಪಟ್ಟು ಮಾಡುವವರು ಇದ್ದಾರೆ. ಆದರೆ ಒಂದು ಬೆಲೆ ಹೆಚ್ಚು ಅನ್ನಬೇಕಾದರೆ ಮೊದಲು ಅದನ್ನು ಇಷ್ಟು ದಿನ ಯಾರು ಕಟ್ಟುತ್ತಿದ್ದರು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಪ್ರಶ್ನೆ ಉಳಿಯಿತು. ಮಗ ಕೇಳಿದ್ದು. "ಅಪ್ಪ, ನಿಮಗೆ ಅದು ಊರು. ನನಗೆ ಅಲ್ಲಿಗೆ ಹೋಗೋದೂ ಒಂದು ಟೂರೇ. ಟೂರು ಅಂದ ಮೇಲೆ ರೇಟು ನೋಡಬಾರದಾ?" ಅವನ ಮಕ್ಕಳು ಆಟವಾಡುವುದು ಮರಾಠಿಯಲ್ಲಿ. ಊರಿಗೆ ಹೋಗುವುದು ನಿನ್ನ ಕರ್ತವ್ಯ ಎಂದು ಅವನಿಗೆ ಹೇಳಬಹುದೇ? ನನಗೆ ಬ್ಯಾಂಕಿನ ಕಾನೂನು ನೆನಪಾಯಿತು. ಸತ್ತವನ ಸಾಲಕ್ಕೆ ವಾರಸುದಾರ ಹೊಣೆಯಾಗುವುದು ಅವನಿಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಊರಿನ ಋಣ ಇರುವುದು ನನ್ನ ಮೇಲೆ, ಉಂಡವನು ನಾನು. ಅವನಿಗೆ ಬಂದದ್ದು ಬಾಲ್ಯದ ಕೆಲವು ಬೇಸಿಗೆ, ಅಪ್ಪೆಹುಳಿಯ ರುಚಿ, ನೂರಿನ್ನೂರು ಊರಿನ ಮಾತು. ಅಷ್ಟಕ್ಕೆ ಎಷ್ಟೋ ಅಷ್ಟು ಅವನು ಕೊಟ್ಟರೆ ಸಾಕು. ಮೊಮ್ಮಕ್ಕಳಿಗೆ ನಾನು ಏನು ಕೊಡುತ್ತೇನೋ ಅದರ ಮೇಲೆ ಅವರ ಲೆಕ್ಕ. ನನ್ನ ಬಾಕಿಯನ್ನು ಅವರ ಖಾತೆಗೆ ವರ್ಗಾಯಿಸುವುದು ನ್ಯಾಯವಲ್ಲ. ಆದರೆ ನನ್ನ ಪಾಲಿಗೆ ಊರು ಟೂರು ಅಲ್ಲ. ಬ್ಯಾಂಕಾಕಿನ ಎದುರು ಅದನ್ನು ತಕ್ಕಡಿಯಲ್ಲಿ ಇಟ್ಟದ್ದೇ ನನ್ನ ತಪ್ಪು.

2025ರ ಜುಲೈಯಲ್ಲಿ ಹಿನ್ನೀರಿನ ಮೇಲೆ ಸಿಗಂದೂರಿನ ಸೇತುವೆ ತೆರೆಯಿತು. ಆ ಸುದ್ದಿ ನೆಪ ಮಾಡಿಕೊಂಡು ಅತ್ತಿಗೆಯನ್ನು ಕೇಳಿದೆ, "ಬರುವ ಮೇ ತಿಂಗಳಲ್ಲಿ ನಮ್ಮ ಜೊತೆ ಊರಿಗೆ ಬನ್ನಿ. ನಿಮ್ಮ ತವರಿಗೂ ಹೋಗೋಣ, ಮಾವಿನಹಣ್ಣು ಇರೋವಾಗಲೇ." ಅವರು ಮೊಣಕಾಲಿನ ನೆಪ ಹೇಳಿದರು. ಆಮೇಲೆ ಹೇಳಿದರು: "ಆ ಹೋಮ್‌ಸ್ಟೇಲಿ ಉಳಿಯೋದಾದ್ರೆ ಬರ್ತೀನಿ ನೋಡು. ಮನೆ ಬೀಗ ತೆಗೀತೀನಿ ಅಂದ್ರೆ ಬರಲ್ಲ. ಬೀಗ ತೆಗೆದ್ರೆ ಗುಡಿಸೋಳು ನಾನೇ ತಾನೆ?"

ಹೋಮ್‌ಸ್ಟೇಯವರಿಗೆ ಫೋನು ಮಾಡಿದೆ. ದರ ಈಗ ಮೂರು ಸಾವಿರದ ಎಂಟುನೂರು ಎಂದರು. ಚೌಕಾಸಿ ಮಾಡಲಿಲ್ಲ.